ಅಚ್ಚಕ್ಕ ಲೋಟ ತೊಳೆದ ಬುಧವಾರ

ಆ ಆಫೀಸಿನಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಆಕೆ ಅಚ್ಚಕ್ಕ. ವಯಸ್ಸು ನಲವತ್ತೆಂಟು, ಕುರ್ಚಿ ಕಿಟಕಿ ಪಕ್ಕದ್ದು, ಕೆಲಸ ಹದಿಮೂರು ವರ್ಷದಿಂದ ಒಂದೇ. ಮುಂದಿನ ನಿಲ್ದಾಣ ಯಾವುದೆಂದು ಬಸ್ಸಿನಲ್ಲಿ ಕೂತವರಿಗೆ ಫೋನು ಬಾಯಿಬಿಟ್ಟು ಹೇಳುತ್ತದಲ್ಲ, ಆ ವಿದ್ಯೆಯನ್ನು ಒಂದು ಕಟ್ಟಾಗಿ ಕಟ್ಟಿ ಆ್ಯಪ್ ಮಾಡುವ ಕಂಪನಿಗಳ ಕೈಗಿಡುವುದು. ಆ ಕಟ್ಟಿಗೆ ಕಿಟ್ ಎನ್ನುತ್ತಾರೆ. ಫೋನುಗಳಲ್ಲೋ ಎರಡು ಜಾತಿ. ಒಂದರ ಕಿಟ್ ಇನ್ನೊಂದಕ್ಕೆ ಆಗಿಬರುವುದಿಲ್ಲ. ಎರಡನ್ನೂ ಕೈಯಲ್ಲೇ ಬರೆಯುತ್ತ ಕೂತರೆ ಮುಪ್ಪು ಬಂದೀತು. ಹಾಗಾಗಿ ಅಚ್ಚಕ್ಕ ಕಿಟ್ಟನ್ನು ತಾನೇ ಬರೆದುಕೊಡುವ ಒಂದು ಬಿಲ್ಡ್ ಟೂಲನ್ನು ಪಳಗಿಸಿ ಇಟ್ಟುಕೊಂಡಿದ್ದಳು. ಏನೇನು ಬೇಕೆಂದು ಒಂದು ಸೆಟ್ಟಿಂಗ್ ಫೈಲಿನಲ್ಲಿ ಬರೆದು, ಜಾತಿಗೊಂದರಂತೆ ಎರಡು ಅಚ್ಚು ಕೊಟ್ಟು ಗುಂಡಿ ಒತ್ತಿದರೆ ಆರು ನಿಮಿಷದಲ್ಲಿ ಎರಡೂ ಕಿಟ್ ಸಿದ್ಧ.

ಇದಕ್ಕೊಂದು ಕಟ್ಟುನಿಟ್ಟಿನ ನಿಯಮ ಉಂಟು. ಟೂಲ್ ಬರೆದದ್ದನ್ನು ಯಾರೂ ಕೈಯಲ್ಲಿ ತಿದ್ದಬಾರದು. ಮುಂದಿನ ಸಲ ಗುಂಡಿ ಒತ್ತಿದಾಗ ಅದು ಎಲ್ಲವನ್ನೂ ಹೊಸದಾಗಿ ಬರೆಯುತ್ತದೆ, ನೀವು ತಿದ್ದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ತಪ್ಪಿದ್ದರೆ ಅಚ್ಚನ್ನು ತಿದ್ದಬೇಕು. ಇದನ್ನು ಆಕೆಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ಸ್ವಂತ ಅತ್ತೆ. ಅತ್ತೆ ನಲವತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದವರು. "ಒಂದು ತೋಳು ಗಿಡ್ಡ ಆದ್ರೆ ಹೊಲಿಗೆ ಬಿಚ್ಚು. ಮುನ್ನೂರು ತೋಳೂ ಗಿಡ್ಡ ಆದ್ರೆ ಅಳತೆ ಕಾಗದ ನೋಡು" ಎನ್ನುತ್ತಿದ್ದರು. ಸೊಸೆ ಅದನ್ನೇ ಆಫೀಸಿಗೆ ತಂದು, ಸಿಂಕಿನ ಮೇಲೆ ದಪ್ಪ ಅಕ್ಷರದಲ್ಲಿ ಅಂಟಿಸಿದ್ದಳು: ಟೂಲ್ ಬರೆದದ್ದನ್ನು ಕೈಯಲ್ಲಿ ತಿದ್ದಿದವರು ಹದಿನಾಲ್ಕು ಜನರ ಲೋಟವನ್ನೂ ತೊಳೆಯಬೇಕು. ಮ್ಯಾನೇಜರೇ ಎರಡು ಸಲ ತೊಳೆದಿದ್ದ, ಪಾಪ.

ಅತ್ತೆಗೆ ಈಗ ಎಪ್ಪತ್ತಾರು. ಕಣ್ಣು ಮಂಜು, ಮಂಡಿ ಮೊಂಡು. ಆದರೂ ಪ್ರತಿ ಬುಧವಾರ ಒಬ್ಬರೇ ಬಸ್ಸು ಹತ್ತಿ ಹನ್ನೊಂದು ನಿಲ್ದಾಣ ದಾಟಿ ಗೆಳತಿಯ ಮನೆಗೆ ಹೋಗುತ್ತಿದ್ದರು. ಒಂದೇ ಅಂಗಡಿಯಲ್ಲಿ ಅಕ್ಕಪಕ್ಕದ ಹೊಲಿಗೆ ಯಂತ್ರ ತುಳಿದ ಗೆಳತಿ ಆಕೆ. ಉಳಿದ ಆರು ದಿನ ಅವರು ಬದುಕುತ್ತಿದ್ದದ್ದೇ ಆ ಒಂದು ದಿನಕ್ಕೆ. ದಾರಿ ಹೇಳುತ್ತಿದ್ದದ್ದು ಕಿವಿಯಲ್ಲಿನ ಫೋನು, ಅಂದರೆ ಸೊಸೆಯ ಕಿಟ್.

ಒಂದು ಬುಧವಾರ ಅತ್ತೆ ಮನೆಗೆ ಬಂದದ್ದು ಸಂಜೆ ಆರಕ್ಕೆ, ಯಾರೋ ಪುಣ್ಯಾತ್ಗಿತ್ತಿಯ ಕೈ ಹಿಡಿದುಕೊಂಡು. ಫೋನು ನಿಲ್ದಾಣದ ಹೆಸರು ಹೇಳುವಾಗ ಬಸ್ಸು ಆಗಲೇ ನಿಲ್ಲುತ್ತಿತ್ತಂತೆ. ಇವರು ಮಂಡಿ ಸರಿಮಾಡಿಕೊಂಡು ಏಳುವಷ್ಟರಲ್ಲಿ ಬಾಗಿಲು ಮುಚ್ಚಿತು. ಇಳಿದದ್ದು ಮೂರು ನಿಲ್ದಾಣದಾಚೆ, ದೊಡ್ಡ ಸೇತುವೆ ಕೆಳಗೆ, ಗುರುತು ಪರಿಚಯ ಇಲ್ಲದ ಕಡೆ.

"ಸಾಕಮ್ಮ" ಎಂದ ಮಗ, ಅಂದರೆ ಅಚ್ಚಕ್ಕನ ಗಂಡ. "ಇನ್ಮೇಲೆ ಒಬ್ಬಳೇ ಹೋಗೋದು ಬೇಡ. ನನಗೆ ಬಿಡುವಾದಾಗ ಕರ್ಕೊಂಡು ಹೋಗ್ತೀನಿ."

"ನಿನಗೆ ಬಿಡುವಾಗೋ ಹೊತ್ತಿಗೆ ನಾವಿಬ್ರೂ ಇರ್ತೀವೋ ಇಲ್ವೋ" ಎಂದರು ಅತ್ತೆ. ಆಮೇಲೆ ಜಗಳವಾಡಲಿಲ್ಲ. ಫೋನನ್ನು ಕಪಾಟಿನ ಡ್ರಾಯರಿನಲ್ಲಿ ಹಾಕಿ ಮುಚ್ಚಿದರು. ಅವರು ಮಲಗಿದ ಮೇಲೆ ಅಚ್ಚಕ್ಕ ಲ್ಯಾಪ್‌ಟಾಪಿನಲ್ಲಿ ಹೊಸ ಕಿಟ್ ತೆರೆದು ನೋಡಿದಳು.

ಮರುದಿನ ಆಫೀಸಿಗೆ ಕಾಲಿಟ್ಟವಳು ಬ್ಯಾಗನ್ನೂ ಇಳಿಸದೆ ಕನ್ನಡಕದವನ ಮೇಜಿಗೆ ಹೋಗಿ ನಿಂತಳು. ಆತ ಆಕೆಯದೇ ವಯಸ್ಸಿನ ಸಹೋದ್ಯೋಗಿ. ಕನ್ನಡಕ ಹಣೆ ಮೇಲಿಟ್ಟುಕೊಂಡು ಎಲ್ಲ ಕಡೆ ಹುಡುಕುವ ಪೈಕಿ. ಕಳೆದ ವಾರ ಹೊಸ ಕಿಟ್‌ಗೆ ಗುಂಡಿ ಒತ್ತಿದವನು ಅವನೇ.

"ಏನಪ್ಪಾ ಮಹಾರಾಯ, ನಿಲ್ದಾಣಕ್ಕೆ ಮುಂಚೆ ಹೇಳೋ ಹೊತ್ತನ್ನ ಯಾಕೆ ಬದಲಾಯಿಸ್ದೆ? ತೊಂಬತ್ತು ಸೆಕೆಂಡ್ ಮುಂಚೆ ಹೇಳ್ತಿತ್ತು, ಈಗ ಹದಿನೈದಕ್ಕೆ ಬಂದಿದೆ. ನಮ್ಮತ್ತೆ ಸೇತುವೆ ಕೆಳಗೆ ನಿಂತು ಅಳೋ ಹಾಗಾಯ್ತು!"

"ಅಯ್ಯೋ, ನಾನು ಅದರ ತಂಟೆಗೇ ಹೋಗಿಲ್ಲ ಅಚ್ಚಕ್ಕ. ಅಚ್ಚಲ್ಲಿ ಯಾವಾಗ್ಲೂ ಹದಿನೈದೇ ಇತ್ತು. ಬೇಕಾದ್ರೆ ನೋಡಿ."

ಯಾರು, ಯಾವಾಗ, ಏನು ತಿದ್ದಿದರೆಂಬ ಪಟ್ಟಿಯನ್ನು ತೆರೆದ. ನಾಲ್ಕು ತಿಂಗಳ ಹಿಂದೆ, ಟೂಲ್ ಬರೆದ ಫೈಲಿನಲ್ಲಿ, ಹದಿನೈದನ್ನು ಯಾರೋ ಕೈಯಲ್ಲೇ ತೊಂಬತ್ತು ಮಾಡಿದ್ದರು. ಪಕ್ಕದಲ್ಲಿ ಹಾಜರಿ ಪುಸ್ತಕದ ಆ ಹೆಸರು.

ಅಚ್ಚಕ್ಕನಿಗೆ ನೆನಪು ಬಂತು. ಅತ್ತೆ ಅಂದು "ಎದ್ದು ನಿಲ್ಲೋಕಾದ್ರೂ ಹೊತ್ತು ಕೊಡೇ ಮಾರಾಯ್ತಿ" ಎಂದಿದ್ದರು. ಮನೆಗೆ ಹೊರಡುವ ಅವಸರ. ಆಮೇಲೆ ಅಚ್ಚಿನಲ್ಲೇ ಸರಿಮಾಡಿದರಾಯಿತು ಎಂದುಕೊಂಡು ಸಿದ್ಧವಾಗಿದ್ದ ಕಿಟ್‌ನಲ್ಲೇ ಅಂಕಿ ಬದಲಿಸಿದ್ದಳು. ಅದೂ ಅತ್ತೆಯ ಫೋನಿನ ಜಾತಿಗೆ ಮಾತ್ರ. ಆ 'ಆಮೇಲೆ' ಬರಲೇ ಇಲ್ಲ. ಬೇಲಿಯೇ ಎದ್ದು ಹೊಲ ಮೇದಿತ್ತು.

ಮುಖ ಕೆಂಪಾಯಿತು. ಆದರೆ ಆಕೆಯ ಜಾತಕದಲ್ಲಿ ಸುಳ್ಳು ಬರೆದಿಲ್ಲ. ಅಲ್ಲಿಯೇ ನಿಂತು ಹದಿಮೂರು ಜನಕ್ಕೂ ಕೇಳುವಂತೆ, "ತಪ್ಪು ನಂದೇ. ಇವನನ್ನ ಸುಮ್ಮನೆ ಬೈದೆ" ಎಂದಳು. ಮ್ಯಾನೇಜರ್ ನಗು ತಡೆಯಲಾರದೆ ಕಡತದ ಹಿಂದೆ ಮುಖ ಮುಚ್ಚಿಕೊಂಡ.

ಮತ್ತೆ ಕೈಯಲ್ಲಿ ತೊಂಬತ್ತು ಮಾಡಲು ಎರಡು ನಿಮಿಷ ಸಾಕಿತ್ತು. ಕೈ ತುರಿಸಿತೂ ಕೂಡ. ಆದರೆ ಮುಂದಿನ ಗುಂಡಿಗೆ ಅದು ಮತ್ತೆ ಅಳಿಸಿಹೋಗುತ್ತದೆ, ಅತ್ತೆ ಮತ್ತೆ ಸೇತುವೆ ಕೆಳಗೆ. ಅಚ್ಚಿನೊಳಗಿದ್ದ ಹದಿನೈದನ್ನು ಕಿತ್ತು, ಸೆಟ್ಟಿಂಗ್ ಫೈಲಿನಲ್ಲಿ ಹೊಸ ಅಂಕಿ ಬರೆದು, ಎರಡೂ ಅಚ್ಚುಗಳಿಗೆ ಅದನ್ನು ಓದಲು ಕಲಿಸಿದಳು. ಗುಂಡಿ ಒತ್ತಿ, ಎರಡು ಫೋನು ಹಿಡಿದು, ಕನ್ನಡಕದವನ ಜೊತೆ ಬಸ್ಸು ಹತ್ತಿದಳು.

ಅತ್ತೆಯ ಜಾತಿಯ ಫೋನು ಜಾಣತನದಿಂದ ನಡೆದುಕೊಂಡಿತು. ಇನ್ನೊಂದು, ಬಸ್ಸು ಅಲುಗಿದ್ದೇ ತಡ, ಕೊನೆಯ ನಿಲ್ದಾಣದವರೆಗಿನ ಎಲ್ಲ ಹೆಸರನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟಿತು. ಅತ್ತೆಯ ಜಾತಿ ಹೊತ್ತನ್ನು ಎಣಿಸುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ, ಇನ್ನೊಂದು ಸೆಕೆಂಡಿನಲ್ಲಿ. ಫೈಲಿನಲ್ಲಿ ಬರೆದಿದ್ದ ತೊಂಬತ್ತು ಸಾವಿರವನ್ನು ಅದು ತೊಂಬತ್ತು ಸಾವಿರ ಸೆಕೆಂಡು ಎಂದುಕೊಂಡಿತ್ತು. ಅಂದರೆ ಇಪ್ಪತ್ತೈದು ಗಂಟೆ ಮುಂಚೆ!

"ನಾಳೆ ಬರೋ ನಿಲ್ದಾಣನೂ ಇವತ್ತೇ ಹೇಳ್ತಿದೆಯಲ್ಲ ಅಚ್ಚಕ್ಕ! ಕಿಟ್ಟೋ ಜ್ಯೋತಿಷ್ಯವೋ?"

ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಇಬ್ಬರೂ ನಕ್ಕರು. ಮರಳಿ ಬಂದು ಎರಡನೇ ಅಚ್ಚಿನಲ್ಲಿ ಸಾವಿರದಿಂದ ಭಾಗಿಸುವ ಒಂದು ಸಾಲು ಸೇರಿಸಿದಳು. ಶುಕ್ರವಾರ ಇಡೀ ದಿನ ಬೇಕೆಂದೇ ಹತ್ತು ಸಲ ಗುಂಡಿ ಒತ್ತಿದಳು. ಹತ್ತು ಸಲವೂ ತೊಂಬತ್ತು ಸೆಕೆಂಡು ತೊಂಬತ್ತಾಗಿಯೇ ಉಳಿಯಿತು. ಬಸ್ಸಿನ ಆ್ಯಪಿನವರು ಹೊಸ ಕಿಟ್ ಸೇರಿಸಿ ಮಂಗಳವಾರ ಜನರಿಗೆ ಬಿಟ್ಟರು.

ಮಂಗಳವಾರ ಊಟದ ಹೊತ್ತಿಗೆ ಗಂಡ ಕೇಳಿದ: "ಮತ್ತೆ ಹೀಗಾಗಲ್ಲ ಅಂತ ಏನು ಗ್ಯಾರಂಟಿ?"

"ಹೋದ ವಾರ ಏನೂ ಇರಲಿಲ್ಲ, ನಾನೇ ಕಳ್ಳ ಕೆಲಸ ಮಾಡಿದ್ದೆ" ಎಂದಳು. "ಈಗ ಅಳತೆ ಕಾಗದನೇ ತಿದ್ದಿದೀನಿ."

ಅತ್ತೆ ಊಟ ನಿಲ್ಲಿಸಿ ಸೊಸೆಯ ಕಡೆಗೆ ಮುಖ ತಿರುಗಿಸಿದರು. "ಅಳತೆ ಕಾಗದ ಬಿಟ್ಟು ಹೊಲಿಗೆ ಬಿಚ್ಚಿದ್ಯೇನೇ ನೀನು? ಇಷ್ಟು ಹೇಳ್ಕೊಟ್ಟೂ?" ಎಂದು ಬೈದು, ಎದ್ದುಹೋಗಿ ಡ್ರಾಯರಿನಿಂದ ಫೋನು ತೆಗೆದು ಚಾರ್ಜಿಗೆ ಹಾಕಿದರು. ತಾಯಿಯ ನಡಿಗೆಯ ಗತ್ತು ನೋಡಿ ಮಗ ಅನ್ನಕ್ಕೆ ಸಾರು ಹಾಕಿಕೊಂಡ.

ಬುಧವಾರ ಹನ್ನೊಂದು ಗಂಟೆಗೆ ಅಚ್ಚಕ್ಕ ಸಿಂಕಿನ ಮುಂದೆ ನಿಂತಿದ್ದಳು. ತನ್ನದೇ ಕೈಬರಹ ಗೋಡೆಯಿಂದ ಅಣಕಿಸುತ್ತಿತ್ತು. ಐದನೇ ಲೋಟ ತೊಳೆಯುವಾಗ ಫೋನು ಬಡಿದುಕೊಂಡಿತು. ಸೋಪಿನ ಕೈಯಲ್ಲೇ ಎತ್ತಿದಳು.

"ಇಳಿದೆ ಕಣೇ" ಎಂದರು ಅತ್ತೆ. "ನಾನು ಬಾಗಿಲ ಹತ್ರ ಹೋಗಿ ನಿಂತ್ರೂ ಬಸ್ಸಿನ್ನೂ ಓಡ್ತಾನೇ ಇತ್ತು."

"ಸದ್ಯ!" ಅಚ್ಚಕ್ಕ ಕಣ್ಣು ಮುಚ್ಚಿಕೊಂಡಳು.

"ಇನ್ನೊಂದು ಕೇಳು. ನನ್ನ ನಿಲ್ದಾಣದಲ್ಲೇ ಇಳಿಯೋ ಹಿರಿಯರೊಬ್ರು ಇದಾರೆ, ಕಣ್ಣು ಪೂರ್ತಿ ಕಾಣಲ್ಲ. ಇಷ್ಟು ದಿನ ದಾರಿಯುದ್ದಕ್ಕೂ ಕಂಬ ಹಿಡ್ಕೊಂಡು ನಿಂತೇ ಬರೋರು. ಸೀಟು ಬಿಟ್ಟುಕೊಟ್ರೂ ಕೂರ್ತಿರ್ಲಿಲ್ಲ. ದೊಡ್ಡ ಜಂಬದ ಮನುಷ್ಯ ಅಂದ್ಕೊಂಡಿದ್ದೆ. ಇವತ್ತು ನನ್ನ ಪಕ್ಕ ಬಂದು ಕೂತ್ರು. ಕೂತ್ರೆ ಏಳೋದ್ರೊಳಗೆ ಬಾಗಿಲು ಮುಚ್ಚತ್ತೆ ಅನ್ನೋ ಭಯ ಇತ್ತಂತೆ ಪಾಪ. ಅವರ ಫೋನು ನನ್ನ ಜಾತಿದಲ್ಲ, ಇನ್ನೊಂದು. ನಿನ್ನೆಯಿಂದ ಅದೂ ಮುಂಚೆನೇ ಹೇಳ್ತಿದೆಯಂತೆ."

ಅಚ್ಚಕ್ಕ ನಲ್ಲಿ ನಿಲ್ಲಿಸಿದಳು. ನಾಲ್ಕು ತಿಂಗಳು ತಾನು ಅತ್ತೆಯ ಜಾತಿಯ ಫೋನಿಗಷ್ಟೇ ಹೊತ್ತು ಕೊಟ್ಟಿದ್ದಳು. ಅದೇ ಬಸ್ಸಿನಲ್ಲಿ ಒಬ್ಬರು ನಿಂತೇ ಹೋಗುತ್ತಿದ್ದರು.

"ಕೇಳಿಸ್ತೇನೇ?"

"ಕೇಳಿಸ್ತು ಅತ್ತೆ. ಲೋಟ ತೊಳೀತಿದ್ದೆ."

"ಚೆನ್ನಾಗಿ ತೊಳಿ" ಎಂದು ಅತ್ತೆ ಫೋನಿಟ್ಟರು.

ಒದ್ದೆ ಮೊಣಕೈಯಿಂದ ಕಣ್ಣೊರೆಸಿಕೊಳ್ಳುವಾಗ ಹಿಂದಿನಿಂದ ಕನ್ನಡಕದವನ ದನಿ ಬಂತು: "ಅಚ್ಚಕ್ಕ, ಇನ್ನೂ ಒಂಬತ್ತಿದೆ. ನಂದು ಕೊನೆಗೆ ತೊಳೀರಿ, ಇನ್ನೂ ಚಹಾ ಕುಡೀತಿದೀನಿ."