ಪಿಕಳಾರಕ್ಕೆ ಒಪ್ಪದ ಅಂಗಿ

ತಂಗಮ್ಮನನ್ನು ನೋಡಿದ ಯಾವ ವ್ಯಾಪಾರಿಯೂ ಮೊದಲ ಸಲ ತಪ್ಪು ಬೆಲೆಯನ್ನೇ ಕಟ್ಟುತ್ತಾನೆ. ಐವತ್ತು ದಾಟಿದ ಹೆಂಗಸು, ಚಹಾ ಎಲೆ ಕಿತ್ತು ಕಿತ್ತು ಕಪ್ಪಿಟ್ಟ ಬೆರಳು, ರಬ್ಬರ್ ಚಪ್ಪಲಿ, ಬಸ್ಸು ಹೊರಟುಹೋದರೂ ಅವಸರವಿಲ್ಲದ ನಡಿಗೆ. ಇದ್ದಬದ್ದ ಸ್ವೆಟರುಗಳನ್ನೆಲ್ಲ ಕೆದಕಿಸಿ, ಒಂದನ್ನೂ ಕೊಳ್ಳದೆ ಎದ್ದು ಹೋಗುವ ಪೈಕಿ ಎಂದು ಊಟಿಯ ಹಳೆಬಟ್ಟೆ ಅಂಗಡಿಯಲ್ಲಿ ಕೂತ ನಾನೂ ಅಂದಾಜು ಹಾಕಿದೆ. ಅಷ್ಟರಲ್ಲಿ ಆಕೆಯ ಚೀಲದೊಳಗಿಂದ ಉದ್ದ ಮೂತಿಯ ಕ್ಯಾಮೆರಾ ಇಣುಕಿತು.

ಅದು ಮದುವೆ ಫೋಟೋ ತೆಗೆಯುವ ಮಗಳು ಸಿಂಧುಜಾ, ಹೊಸದನ್ನು ಕೊಂಡ ಮೇಲೆ, ಕುಂದಾ ಊರಿನ ಪಕ್ಕದ ಹಟ್ಟಿಯಲ್ಲಿರುವ ತಾಯಿಯ ಮನೆಯಲ್ಲಿ ಬಿಟ್ಟುಹೋದದ್ದು. ಮಗಳು ಒಂದು ಮುಹೂರ್ತದಲ್ಲಿ ಗುಂಡಿ ಒತ್ತುವಷ್ಟು ಸಲ ತಾಯಿ ವರ್ಷವಿಡೀ ಒತ್ತುವುದಿಲ್ಲ. ಕಲ್ಲಿನ ಮೇಲಿನ ಪಾಚಿ, ಬೇಲಿಯ ಜೇಡರ ಬಲೆ, ಯಾವುದರೆದುರು ಕೂತರೂ ಕೂತದ್ದೇ. ಬೆಳಕು ಬೇಕಾದ ಕಡೆ ಬೀಳುವ ತನಕ ಕಾಯುತ್ತಾಳೆ. ಬೀಳದಿದ್ದರೆ ಫೋಟೋ ಇಲ್ಲದೆಯೇ ಎದ್ದು, ಹಬ್ಬದೂಟ ಮಾಡಿದವಳ ಹಾಗೆ ಮನೆಗೆ ಹೋಗುತ್ತಾಳೆ.

ಈ ಸಲದ ಆಸೆ ಮಾತ್ರ ಕಾಯಲು ಬಿಡುವಂಥದ್ದಲ್ಲ. ಸ್ವಂತ ಚಹಾ ತೋಟದ ಮೇಲಿನ ಸಾಲಿನಲ್ಲಿ ಕೆಂಪು ಮೀಸೆಯ ಪಿಕಳಾರ ಗೂಡು ಕಟ್ಟಿ ಮರಿ ಮಾಡಿತ್ತು. ತಾಯಿ ಹಕ್ಕಿ ಮರಿಗೆ ತುತ್ತಿಡುವ ಒಂದು ಫೋಟೋ ಬೇಕು. ಮರಿಗಳಿಗೆ ಪುಕ್ಕ ಬಂದಾಗಿದೆ, ಹಾರಿದರೆ ಮುಗಿಯಿತು.

"ವ್ಯಾನಲ್ಲಿ ಬರೋ ಫೋಟೋದವ್ರು ಹಾಕ್ತಾರಲ್ಲ ಅಣ್ಣ, ಹಸಿರು ಮಚ್ಚೆ ಅಂಗಿ, ಅಂಥದ್ದು ಕೊಡಿ."

"ಇದನ್ನ ಹಾಕ್ಕೊಂಡ್ರೆ ಮನೆಯವರಿಗೂ ನೀವು ಕಾಣಲ್ಲ ಅಕ್ಕ," ಎಂದು ಟೋಪಿ ಸಮೇತ ಕಟ್ಟಿಕೊಟ್ಟೆ.

ಮರುದಿನ ಬೆಳಿಗ್ಗೆ ಆ ವೇಷ ತೊಟ್ಟು ತಂಗಮ್ಮ ಚಹಾ ಗಿಡಗಳ ಸಂದಿಯಲ್ಲಿ ಹುದುಗಿ ಕೂತಳು. ಹುಳ ಕಚ್ಚಿಕೊಂಡು ಬಂದ ತಾಯಿ ಹಕ್ಕಿ ಅವಳನ್ನು ಕಂಡದ್ದೇ ಕರೆಂಟು ತಂತಿಯ ಮೇಲೆ ಕೂತು ಕಿರುಚತೊಡಗಿತು. ಗಂಡು ಹಕ್ಕಿಯೂ ದನಿಗೂಡಿಸಿತು. ಗೂಡಿನಲ್ಲಿ ಮರಿಗಳು ಬಾಯಿ ತೆರೆದೇ ಇದ್ದವು. ಇನ್ನೂ ಸ್ವಲ್ಪ ಕೂತರೆ ಹಕ್ಕಿ ಇಳಿದೀತು ಅನಿಸಿತು. ಆದರೆ ತನ್ನ ಹಟಕ್ಕೆ ಆ ಮರಿಗಳು ಉಪವಾಸ ಬೀಳುವುದೇ? ಎದ್ದು ಬಂದುಬಿಟ್ಟಳು.

ಗಂಡ ನಂಜುಂಡನ್ ಜಗಲಿಯಲ್ಲಿ ನಗುತ್ತಿದ್ದ. "ನಿನ್ನ ನೋಡಿ ನನಗೇ ಭಯ ಆಯ್ತು ತಂಗಮ್ಮ. ಪಾಪದ ಹಕ್ಕಿ ಏನು ಮಾಡ್ತದೆ?"

"ನಿಮ್ಮ ಮೀಸೆ ನೋಡ್ಕೊಂಡು ಇಷ್ಟು ವರ್ಷ ನಾನಿಲ್ವಾ? ಸುಮ್ನಿರಿ."

ಮಾರನೆಯ ದಿನ ಎಲೆ ಒಯ್ಯಲು ಫ್ಯಾಕ್ಟರಿ ಲಾರಿ ಬರುವುದಿತ್ತು. ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ, ತಲೆಗೆ ಬಿಳಿ ಬಟ್ಟೆ ಕಟ್ಟಿ, ಬೆನ್ನಿಗೆ ಎಲೆ ಚೀಲ ಹಾಕಿಕೊಂಡು ತಂಗಮ್ಮ ಅದೇ ಸಾಲಿಗೆ ಹೋದಳು. ಗೂಡಿನ ಗಿಡ ಬಿಟ್ಟು ಪಕ್ಕದ್ದರಲ್ಲಿ ಎಲೆ ಕೀಳುತ್ತಿರುವಾಗ ಪಿಕಳಾರ ಅವಳ ಮೊಣಕೈ ಹತ್ತಿರವೇ ಇಳಿಯಿತು. ತುತ್ತಿಟ್ಟು, ಏನೂ ಆಗದ ಹಾಗೆ ಹಾರಿಹೋಯಿತು.

ತಂಗಮ್ಮ ಎಲೆ ಹಿಡಿದೇ ನಿಂತಳು. ಗೂಡು ಕಟ್ಟಿದಂದಿನಿಂದ ಆ ಹಕ್ಕಿ ಕಂಡದ್ದು ಪ್ಲಾಸ್ಟಿಕ್ ಸುತ್ತಿ ಸರಬರ ಎನ್ನುತ್ತ ಎಲೆ ಕೀಳುವ ಹೆಂಗಸನ್ನು. ಹುದುಗಿ ಕೂತವಳನ್ನು ಅದು ಬೇಟೆಗೆ ಬಂದ ಪ್ರಾಣಿ ಅಂದುಕೊಂಡದ್ದರಲ್ಲಿ ತಪ್ಪೇನು?

ಮರುದಿನ ಎಲೆ ಚೀಲದಲ್ಲಿ ಕ್ಯಾಮೆರಾ ಹೋಯಿತು. ಎಲೆ ಕಿತ್ತಳು, ನಿಂತಳು, ಮತ್ತೆ ಕಿತ್ತಳು. ಮಂಜು ಸರಿದು ಬಿಸಿಲು ಗೂಡಿನ ಅಂಚಿಗೆ ಬಂದಾಗ ಹಕ್ಕಿಯೂ ಬಂತು. ಒಂದೇ ಸಲ ಒತ್ತಿದಳು.

ಆ ಫೋಟೋ ತೋರಿಸಲೆಂದೇ ಅಂಗಡಿಗೆ ಬಂದಳು. ಮರಿಗಳ ಕೆಂಪು ಬಾಯಿ, ಅದರೊಳಗೆ ತಾಯಿಯ ಕೊಕ್ಕು, ಹಿಂದೆ ಮಸುಕಾಗಿ ಹಸಿರು. "ಅಂಗಿ ಏನಾಯ್ತಕ್ಕ?" ಎಂದೆ.

"ಬಟಾಣಿ ಪಾತೀಲಿ ಕೋಲಿಗೆ ತೊಡ್ಸಿದ್ದಾರೆ ಅಣ್ಣ ನಮ್ಮನೆಯವ್ರು. ಒಂದು ಹಕ್ಕೀನೂ ಹತ್ತಿರ ಸುಳಿಯಲ್ಲ!"

ಈಗ ಯಾರಾದರೂ ಅಂಗಡಿ ಮೆಟ್ಟಿಲು ಹತ್ತಿದರೆ ನಾನು ಮೇಲೆರಗುವುದಿಲ್ಲ. ಶಾಲು ಮಡಚುತ್ತ ನನ್ನ ಪಾಡಿಗಿರುತ್ತೇನೆ. ಅವರಾಗಿಯೇ ಹತ್ತಿರ ಬರುತ್ತಾರೆ. ಇದನ್ನು ನಾನು ಕಲಿತದ್ದು ತಂಗಮ್ಮನಿಂದ.