ಕೆಂಪು ಚೀಟಿ ಮತ್ತು ಅವ್ವನ ಕೌದಿ

ಆಗ ನಮಗೆ ಮನೆಯೆಂದರೆ ಒಂದು ಖೋಲಿ, ಅದಕ್ಕಂಟಿಕೊಂಡ ಅಡುಗೆಮೂಲೆ, ಮತ್ತು ಗೋಡೆ ತುಂಬ ಗೂಟಗಳು. ಪಿಂಪ್ರಿಯ ಕಾರ್ಖಾನೆಗಳ ಬೆನ್ನಿಗಿದ್ದ ನಮ್ಮ ಚಾಳಿನಲ್ಲಿ ಯಾರ ಮನೆಯಲ್ಲೂ ಕಪಾಟು ಇರಲಿಲ್ಲ. ಬಟ್ಟೆ ಗಂಟಿನಲ್ಲಿ, ಗಂಟು ಟ್ರಂಕಿನಲ್ಲಿ, ಟ್ರಂಕು ಮಂಚದ ಕೆಳಗೆ. ಹಾಗೆ ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಟ್ರಂಕು ತೆರೆದಾಗ ಬರುತ್ತಿದ್ದ ಡಾಂಬರು ಗುಳಿಗೆಯ ವಾಸನೆ ಈಗಾಗಲೇ ನಿಮ್ಮ ಮೂಗಿಗೆ ಬಂದಿರುತ್ತದೆ.

ಆ ಮನೆಯ ವ್ಯವಸ್ಥೆ ಅವ್ವನಿಗೊಬ್ಬಳಿಗೇ ಗೊತ್ತಿತ್ತು. ಸೂಜಿ ಕ್ಯಾಲೆಂಡರಿನ ಹಿಂದೆ, ರೇಷನ್ ಕಾರ್ಡು ಹಿಟ್ಟಿನ ಡಬ್ಬಿಯ ಕೆಳಗೆ, ನನ್ನ ಶಾಲೆಯ ಕಾಗದಗಳು ದೇವರ ಫೋಟೋದ ಬೆನ್ನಿಗೆ. ಏನು ಕೇಳಿದರೂ ರೊಟ್ಟಿ ಬಡಿಯುತ್ತಲೇ, ತಿರುಗಿ ಸಹ ನೋಡದೆ, “ಎಡಗಡೆ ಗೂಟದ ಚೀಲದಾಗ ಹಸರ ಚೀಲ ಅದ, ಅದರಾಗ ನೋಡು” ಎನ್ನುತ್ತಿದ್ದಳು. ಕೈ ಹಾಕಿದರೆ ಅಲ್ಲೇ ಇರುತ್ತಿತ್ತು.

ಅಪ್ಪನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಫಿಟರ್. ಕೂದಲೆಳೆಯಷ್ಟು ಹೆಚ್ಚುಕಡಿಮೆಯನ್ನೂ ಕಣ್ಣಳತೆಯಲ್ಲೇ ಹಿಡಿಯುತ್ತಿದ್ದ. ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಆ ಕಾರ್ಖಾನೆಗೆ ಜಪಾನಿನ ಶಿಸ್ತಿನ ಪದ್ಧತಿಯೊಂದು ಬಂತು. ಸುತ್ತಿಗೆ, ಇಕ್ಕಳ, ಹೀಗೆ ಪ್ರತಿ ಹತ್ಯಾರಿಗೂ ಗೋಡೆಯ ಮೇಲೆ ಅದರದೇ ಆಕಾರದ ಗೆರೆ. ಕೆಲಸಕ್ಕೆ ಬಾರದ ವಸ್ತುವಿಗೆ ಕೆಂಪು ಚೀಟಿ, ಚೀಟಿ ಬಿದ್ದದ್ದು ವಾರದೊಳಗೆ ಹೊರಗೆ. ಅಪ್ಪನ ವಿಭಾಗಕ್ಕೆ ಅದರಲ್ಲಿ ಮೊದಲ ಬಹುಮಾನ ಬಂತು. ಬಹುಮಾನದ ಗೋಡೆಗಡಿಯಾರದ ಜೊತೆಗೇ ಪದ್ಧತಿಯೂ ನಮ್ಮ ಮನೆಗೆ ಬಂತು.

ಒಂದು ಸಂಜೆ ಶಾಲೆಯಿಂದ ಬಂದು ನೋಡಿದರೆ ನನಗೆ ಗಾಬರಿ. ಅಡುಗೆಮೂಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಸೌಟಿನ ಗೆರೆ, ಲಟ್ಟಣಿಗೆಯ ಗೆರೆ, ಇಕ್ಕಳದ ಗೆರೆ! ಅವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಇದು ಮನಿನೋ ಕಾರ್ಖಾನಿನೋ? ನಾಳೆ ನನ್ನ ಸುತ್ತಾನೂ ಗೆರಿ ಹೊಡದು ಒಲಿ ಮುಂದ ನಿಂದರಸ್ರಿ.”

“ನಗಬ್ಯಾಡ. ಖಾಲಿ ಗೆರಿ ಕಂಡ್ರ ಸಾಕು, ಏನು ಕಳದದಂತ ತಾನ ತಿಳೀತದ. ಹುಡುಕೂ ಕೆಲಸನ ಇಲ್ಲ,” ಎಂದ ಅಪ್ಪ.

ನನಗಂತೂ ಇದೊಂದು ಹೊಸ ಆಟ. ಕುಂಟಾಟ, ಹರಳಾಟ ಎಲ್ಲ ಮೂಲೆಗೆ ಬಿದ್ದವು. ಮಿಠಾಯಿ ಡಬ್ಬದ ರಟ್ಟು ಕತ್ತರಿಸಿ, ಕೆಂಪು ಬಳಿದು, ಚೀಟಿ ಮಾಡಿಕೊಂಡೆ. ಅಪ್ಪ ನನ್ನನ್ನು, ದೊಡ್ಡ ಅಧಿಕಾರಿ ಹೆಂಗಸನ್ನು ಕರೆದಂತೆ, ‘ಇನ್ಸ್‌ಪೆಕ್ಟರ್ ಬಾಯಿ’ ಎಂದು ಕರೆಯತೊಡಗಿದ. ಮುರಿದ ಕೊಡೆಗೆ ಅಂಟಿಸಿದೆ, ಹಿಡಿ ಹೋದ ಬುಟ್ಟಿಗೆ ಅಂಟಿಸಿದೆ, ಗಣಿತದ ಪುಸ್ತಕಕ್ಕೂ ಅಂಟಿಸಿದೆ. ಅದೊಂದನ್ನು ಮಾತ್ರ ಅಪ್ಪ ಕಿತ್ತು, “ಬಾಯಾರ, ಅಧಿಕಾರ ಸಿಕ್ಕದಂತ ಹಿಂಗ ಮಾಡಬಾರ್ದ್ರಿ” ಎಂದು ಕೈಮುಗಿದ. ನಾನು ಹಿಗ್ಗಿ ಹೀರೇಕಾಯಿಯಾದೆ.

ದೀಪಾವಳಿ ರಜೆ ಬಂತು. ದೌಂಡದಲ್ಲಿದ್ದ ಚಿಕ್ಕವ್ವನ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ಅವ್ವ ಒಬ್ಬಳೇ ಎರಡು ದಿನಕ್ಕೆಂದು ರೈಲು ಹತ್ತಿದಳು. ಅಪ್ಪ ತೋಳೇರಿಸಿ, “ನಿಮ್ಮವ್ವ ಬರೂದರೊಳಗ ಮನಿ ಕನ್ನಡಿ ಆಗಬೇಕು” ಎಂದ.

ಭಾನುವಾರ ಟ್ರಂಕನ್ನು ಹೊರಗೆಳೆದೆವು. ಒಂದೊಂದೇ ಗಂಟು ಬಿಚ್ಚಿ, ಒಪ್ಪವಾಗಿ ಮಡಚಿ, ಕಟ್ಟಿದೆವು. ಎಲ್ಲಕ್ಕೂ ಕೆಳಗೆ ಒಂದು ಹಳೆಯ ಕೌದಿ ಇತ್ತು. ಹಳೆ ಸೀರೆಯ ತುಂಡುಗಳನ್ನು ಪದರ ಪದರವಾಗಿಟ್ಟು ಅವ್ವನೇ ಹೊಲಿದದ್ದು. ಬಣ್ಣ ಹೋಗಿತ್ತು, ಅಂಚು ಹರಿದಿತ್ತು, ಒಂದು ಮೂಲೆ ಮಾತ್ರ ಯಾಕೋ ದಪ್ಪಗಿತ್ತು. ಅದನ್ನು ಹೊದ್ದವರನ್ನು ನಾನು ಕಂಡಿರಲಿಲ್ಲ.

“ರೂಲು ಏನದ?” ಎಂದು ಅಪ್ಪ ಮೊಳೆ ಹೊಡೆಯುತ್ತಲೇ ಕೇಳಿದ.

“ತಿಂಗಳತನಕ ಕೈ ಹಚ್ಚದ್ದು ಹೊರಗ!”

ಅವನು ತಿರುಗಿ ನೋಡದೆ ತಲೆಯಾಡಿಸಿದ. ನಾನು ಚೀಟಿ ಅಂಟಿಸಿದೆ.

ಮಧ್ಯಾಹ್ನ ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವಳು ಬುಟ್ಟಿ ಹೊತ್ತು ಬಂದಳು. ಅಪ್ಪನ ಎರಡು ಹರಿದ ಪ್ಯಾಂಟಿಗೆ ಬರೀ ಡಬ್ಬಿ ಎಂದಳು. ನಾನು ಕೌದಿ ಮುಂದಿಟ್ಟು, ಮರಾಠಿಯಲ್ಲಿ, “ಮಾವಶಿ, ಝಾಕಣ ಪಣ ದ್ಯಾ” ಎಂದು ಮುಚ್ಚಳಕ್ಕೆ ಪಟ್ಟು ಹಿಡಿದೆ. ಅವಳು ದಪ್ಪ ಮೂಲೆಯನ್ನು ಹಿಸುಕಿ, ಇದರೊಳಗೇನಿದೆ ಎಂದು ಕೇಳಿದಳು. “ಕಾಹೀ ನಾಹೀ” ಎಂದೆ. ಏನೂ ಇಲ್ಲ ಎಂದೆ! ಅವಳು ಮುಚ್ಚಳ ಕೊಟ್ಟು, ಕೌದಿಯನ್ನು ಬುಟ್ಟಿಗೆ ಹಾಕಿಕೊಂಡಳು.

ಮರುದಿನ ಅವ್ವ ತೊಟ್ಟಿಲ ಗುಗ್ಗರಿಯ ಗಂಟು ಹಿಡಿದು ಬಂದಳು. ಮನೆ ನೋಡಿ ಬಾಗಿಲಲ್ಲೇ ನಿಂತು, “ಅಯ್ಯ, ಭಾಳ ಛಂದ ಆಗೇದಲ್ರಿ” ಎಂದು ನಕ್ಕಳು. ನಾನು ಓಡಿಹೋಗಿ ಮುಚ್ಚಳದ ಡಬ್ಬಿ ತೋರಿಸಿದೆ.

“ಏನ್ ಕೊಟ್ಟು ತಗೊಂಡಿ?”

“ಟ್ರಂಕಿನ ಬುಡಕಿದ್ದ ಹಳೇ ಕೌದಿ.”

ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಗುಗ್ಗರಿ ಗಂಟನ್ನು ನೆಲಕ್ಕಿಟ್ಟು, ಟ್ರಂಕು ಎಳೆದು, ಎಲ್ಲ ಬಟ್ಟೆ ಹೊರಗೆ ಹಾಕಿ, ಬರಿದಾದ ತಳದ ಮೇಲೆ ಎರಡೂ ಅಂಗೈ ಆಡಿಸಿದಳು. ಆಮೇಲೆ ಅಪ್ಪನ ಕಡೆ ನೋಡಿದಳು.

“ಅದರ ಮೂಲ್ಯಾಗ ಪುಟ್ಯಾನ ಕುಂಚಿಗಿ ಇಟ್ಟು ಹೊಲದಿದ್ದೆರಿ.”

ಅಪ್ಪನ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು. “ಅವನ ಅರಿವಿ ಎಲ್ಲಾ ನಮ್ಮವ್ವನ ಕೈಯಾಗ ಕೊಟ್ಟಿದ್ದೆಲಾ ನೀನು?”

“ಅಂಗಿ ಕೊಟ್ಟೆ. ಕುಂಚಿಗಿ ಕೊಡಲಿಲ್ಲ.”

“ಯಾವ ಪುಟ್ಯಾ?” ಎಂದು ನಾನು ಕೇಳಿದೆ. ಇಬ್ಬರೂ ನನ್ನ ಮುಖ ನೋಡಿದರು. ನನಗಿಂತ ಮೊದಲು ಒಬ್ಬ ಅಣ್ಣನಿದ್ದ, ಏಳು ತಿಂಗಳಿಗೇ ಜ್ವರ ಬಂದು ಹೋದ ಎಂಬುದು ನನಗೆ ಗೊತ್ತಾದದ್ದು ಹೀಗೆ. ಹೋದ ಮಗುವಿನ ಬಟ್ಟೆ ಮನೆಯಲ್ಲಿಟ್ಟರೆ ಮುಂದಿನದಕ್ಕೆ ಆಗಿಬರುವುದಿಲ್ಲ ಎಂದು ನಮ್ಮ ಅಜ್ಜಿ ಎಲ್ಲವನ್ನೂ ಕೇಳಿ ಪಡೆದಿದ್ದಳಂತೆ. ಅವ್ವ ಮಾತ್ರ ತನ್ನ ತವರಿನವರು ಹೊಲಿಸಿಕೊಟ್ಟ ಹಳದಿ ಕುಂಚಿಗೆಯನ್ನು, ಮಗುವಿನ ತಲೆಗೆ ಕಟ್ಟಿ ಬೆನ್ನ ಮೇಲೆ ಇಳಿಬಿಡುವ ಆ ಪುಟ್ಟ ಬಟ್ಟೆಯನ್ನು, ಯಾರಿಗೂ ಹೇಳದೆ ಕೌದಿಯೊಳಗೆ ಹೊಲಿದಿಟ್ಟಿದ್ದಳು. ಒಂಬತ್ತು ವರ್ಷ ನಾನು ಅದರ ಮೇಲಿನ ಮಂಚದಲ್ಲಿ ಮಲಗಿದ್ದೆ. ನನಗೆ ಅಳು ಬರಲಿಲ್ಲ.

ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಓಣಿ ಓಣಿ ತಿರುಗಿದ. ಎರಡನೇ ದಿನ ಆ ಪಾತ್ರೆಯವಳು ಸಿಕ್ಕಳು. ಒಳ್ಳೆಯ ಬಟ್ಟೆ ಸಂತೆಗೆ ಹೋಗುತ್ತದೆ, ಹರಿದ ನೂಲಿನ ಬಟ್ಟೆ ಕತ್ತರಿಸಿ ಕಾರ್ಖಾನೆಗಳಿಗೆ ಮಷಿನ್ ಒರೆಸಲು ಹೋಗುತ್ತದೆ, ಕೌದಿ ಆಗಲೇ ಹೋಯಿತು ಎಂದಳು. ಅಪ್ಪ ಸೈಕಲ್ ಹಿಡಿದು ನಿಂತೇ ಬಿಟ್ಟ. ಅಂಥ ಚಿಂದಿಯ ಗಂಟುಗಳು ವಾರಕ್ಕೊಮ್ಮೆ ಅವನ ಮಷಿನ್ ಹತ್ತಿರವೇ ಬಂದು ಬೀಳುತ್ತಿದ್ದವು. ದಿನಾ ಅದರಲ್ಲೇ ಅವನು ಕೈ ಒರೆಸಿಕೊಳ್ಳುತ್ತಿದ್ದ.

ಆಮೇಲೆ ಎಷ್ಟೋ ತಿಂಗಳು ಅಪ್ಪ ಪ್ರತಿ ಗಂಟನ್ನೂ ಬಿಚ್ಚಿ, ಒಂದೊಂದೇ ಚಿಂದಿ ಕೊಡವಿ ನೋಡುತ್ತಿದ್ದನಂತೆ. ಜೊತೆಗಾರರು ಮೊದಮೊದಲು ನಕ್ಕರು, ಕಾರಣ ತಿಳಿದ ಮೇಲೆ ತಾವೂ ಹಳದಿ ಬಟ್ಟೆ ಕಂಡರೆ ತೆಗೆದಿಟ್ಟರು. ಕುಂಚಿಗೆ ಸಿಗಲಿಲ್ಲ. ಮನೆಯ ಗೋಡೆಯ ಗೆರೆಗಳಿಗೆ ಅಪ್ಪ ಸುಣ್ಣ ಬಳಿದ, ಚೀಟಿಗಳನ್ನು ಒಲೆಗೆ ಹಾಕಿದ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಎಷ್ಟು ಸಲ ಅನ್ನಿಸಿದೆಯೋ. ಅವ್ವ ಆ ಡಬ್ಬಿಗೆ ಶೇಂಗಾ ಚಟ್ನಿ ತುಂಬಿದಳು. ನಾನು ಅದನ್ನು ಮುಟ್ಟದಿದ್ದಾಗ, “ಡಬ್ಬಿ ಏನ್ ತಪ್ಪು ಮಾಡೇದ? ತಿನ್ನು” ಎಂದು ನನ್ನ ರೊಟ್ಟಿಗೆ ತಾನೇ ಹಾಕಿದಳು. ಇನ್ನೊಂದು ಬದಲಾಯಿತು. ಪ್ರತಿ ದೀಪಾವಳಿಗೆ ಟ್ರಂಕಿನ ತಳಕ್ಕೆ ಹೊಸ ಪೇಪರ್ ಹಾಸುವ ಕೆಲಸ ಅಪ್ಪನದಾಯಿತು. ಬೇರೆ ಯಾರಿಗೂ ಅವನು ಬಿಡುತ್ತಿರಲಿಲ್ಲ.

ಈಗ ಹಿಂಜವಾಡಿಯಲ್ಲಿ ನನಗೆ ಮೂರು ಖೋಲಿಯ ಫ್ಲ್ಯಾಟು, ಗೋಡೆಗೊಂದು ಕಪಾಟು. ಮನೆ ಒಪ್ಪವಾಗಿಡುವ ಪಾಠಗಳನ್ನು ಫೋನಿನಲ್ಲಿ ನೋಡಿ ನೋಡಿ ಎಲ್ಲ ಪ್ರಯೋಗ ಮಾಡಿದೆ. ಬಟ್ಟೆಯನ್ನು ನಿಲ್ಲಿಸಿ ಮಡಚಿದೆ, ಪಾರದರ್ಶಕ ಡಬ್ಬಿಗೆ ಹೆಸರು ಬರೆದೆ, ದಿನಕ್ಕೊಂದು ವಸ್ತು ಬಿಡುವ ವ್ರತ ಹಿಡಿದೆ. ಯಾವುದೂ ಹದಿನೈದು ದಿನ ದಾಟಲಿಲ್ಲ, ಡಬ್ಬಿಯ ಮೇಲಿನ ಹೆಸರುಗಳಷ್ಟೇ ಉಳಿದವು. ಬಿಡಬೇಕಾದ ವಸ್ತುವನ್ನು ಕೈಗೆತ್ತಿಕೊಂಡರೆ ಅದರ ಮೂಲೆಗಳನ್ನು ಹಿಸುಕಿ ನೋಡುತ್ತ ಕೂತುಬಿಡುತ್ತೇನೆ. ನನ್ನ ಗಂಡ ನಗುತ್ತಾನೆ.

ಹೋದ ವರ್ಷ ಅಪ್ಪ ತೀರಿಕೊಂಡ. ಅವ್ವ ಟ್ರಂಕಿನ ಸಮೇತ ನಮ್ಮಲ್ಲಿಗೆ ಬಂದಳು. ಈ ಸಲದ ದೀಪಾವಳಿಗೆ ಪೇಪರ್ ಬದಲಿಸಬೇಕಲ್ಲ ಎಂದು ಇಬ್ಬರೂ ಟ್ರಂಕು ಖಾಲಿ ಮಾಡಿದೆವು. ತಳದ ಪೇಪರ್ ಎತ್ತಿದೆ.

ತಗಡಿನ ಮೇಲೆ ನೀಲಿ ಬಣ್ಣದ ಒಂದು ಗೆರೆ ಇತ್ತು. ಮೇಲೆ ದುಂಡಗೆ, ಕೆಳಗೆ ಅಗಲವಾಗಿ ಇಳಿದ ಪುಟ್ಟದೊಂದು ಕುಂಚಿಗೆಯ ಆಕಾರ, ಪಕ್ಕದಲ್ಲಿ ಎರಡು ಕಸೆ. ಒಳಗೆ ಖಾಲಿ. ಬಣ್ಣ ಮಾಸಿರಲಿಲ್ಲ. ಒಂದರ ಮೇಲೊಂದು ಎಷ್ಟೋ ಸಲ ತಿದ್ದಿದ ಗೆರೆ ಅದು.

“ಅವ್ವಾ, ನಿನಗ ಗೊತ್ತಿತ್ತೇನ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಟ್ರಂಕಿನೊಳಗೆ ಬಗ್ಗಿ, ಗೆರೆಯ ನಡುವೆ ಅಂಗೈ ಬಿಡಿಸಿಟ್ಟು, ಬೆರಳಿನಿಂದ ಅಂಚು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು:

“ಅಳತಿ ಬರೋಬ್ಬರಿ ಅದ. ಒಂದ್ ದಿನಾನೂ ಕೂಸಿಗೆ ತಾವಾಗಿ ಕಟ್ಟಿದವರಲ್ಲ. ಹ್ಯಾಂಗ ನೆನಪಿಟ್ಟಿದ್ರೋ.”

ನನ್ನ ಕಪಾಟುಗಳಲ್ಲಿ ಇಂದು ಎಲ್ಲ ಡಬ್ಬಿಗೂ ಹೆಸರಿದೆ, ಎಲ್ಲವೂ ತುಂಬಿದೆ. ಏನು ಕಳೆದಿದೆ ಎಂದು ತೋರಿಸುವ ಒಂದು ಖಾಲಿ ಜಾಗವೂ ಅಲ್ಲಿಲ್ಲ. ಅಪ್ಪನ ಆಕಾರದ ಗೆರೆಯನ್ನು ಎಳೆಯಲು ನನಗೆ ಆ ಕಣ್ಣಳತೆ ಬರುವುದಿಲ್ಲ. ಆ ದಿನ ಟ್ರಂಕಿಗೆ ನಾವು ಪೇಪರ್ ಹಾಸಲಿಲ್ಲ.