ಮೊಟ್ಟೆ ಟ್ರೇಯ ಚೆನ್ನೆಮಣೆ

ಮೊಬೈಲ್ ಬಂದು ಅಜ್ಜ-ಮೊಮ್ಮಗಳ ಆಟ ನಿಂತಿತು ಎನ್ನುತ್ತಾರೆ ಮುಂಬೈ ಬಳಿಯ ನಮ್ಮ ಡೊಂಬಿವಲಿ ಹೌಸಿಂಗ್ ಸೊಸೈಟಿಯವರು. ಸುಳ್ಳು. ನಿಲ್ಲಿಸಿದವನು ನಾನು.

ಪಕ್ಕದ ಮನೆಯ ಉಡುಪಿ ಕಡೆಯ ಅಜ್ಜ ಮೊಟ್ಟೆಯ ಟ್ರೇಯನ್ನೇ ಚೆನ್ನೆಮಣೆ ಮಾಡಿಕೊಂಡು, ಗುಳಿಗಳಿಗೆ ಹುಣಸೆಬೀಜ ಹಂಚುತ್ತ ಮೊಮ್ಮಗಳೊಡನೆ ಆಡುತ್ತಿದ್ದರು. ದಿನವೂ ತೊಡೆ ತಟ್ಟಿಕೊಂಡು, "ಪುನಃ ಸೋತೆ ಮಾರಾಯ್ತಿ!" ಎನ್ನುತ್ತಿದ್ದರು. ಅವಳು ಕುಣಿಯುತ್ತಿದ್ದಳು.

ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದು ಬಂದ ದಿನ ನಾನು ಅಲ್ಲೇ ನಿಂತು, ಅಜ್ಜ ಗೆಲ್ಲುವ ಗುಳಿ ಬಿಟ್ಟು ಬೇಕೆಂದೇ ಬೇರೆ ಗುಳಿಯ ಬೀಜ ಎತ್ತುವುದನ್ನು ಅವಳಿಗೆ ಸಾಕ್ಷಿ ಸಮೇತ ತೋರಿಸಿಕೊಟ್ಟೆ.

"ಸಚ್ಚೀ, ಅಜ್ಜಾ? ನಿಜವಾ?" ಎಂದಳು. ಅಜ್ಜ ಬೀಜಗಳನ್ನೇ ನೋಡುತ್ತ ಕುಳಿತರು. ಎದ್ದು ಹೋದವಳು ಮತ್ತೆ ಆಡಲು ಬರಲಿಲ್ಲ.

"ಇಲ್ಲ ಮಗಾ, ನಿಜಕ್ಕೂ ಸೋತೆ" ಎಂದು ಒಂದೇ ಒಂದು ಸುಳ್ಳು ಹೇಳಿದ್ದರೆ ನನ್ನ ವಾದ ಬಿದ್ದುಹೋಗುತ್ತಿತ್ತಲ್ಲ. ಯಾಕೆ ಹೇಳಲಿಲ್ಲ, ಅಜ್ಜ?